ಕರುಣೆಯನ್ನು ಶಾಲೆಯಲ್ಲಿ ಕಲಿಸಬಹುದೋ?

ಮಕ್ಕಳನ್ನು ಶಾಲೆಗೆ ಕಳುಹಿಸುವದು ಯಾತಕ್ಕೆಂದು ಕೇಳಿದರೆ, ಓದು ಬರಹ ಲೆಕ್ಕಗಳಿಗೋಸ್ಕರವೆಂದು ಅನೇಕರು ಉತ್ತರ ಕೊಡುವರು. ಅದು ಸರಿಯೇ. ಆದರೆ ಓದು ಬಲ್ಲವನು ನೆರೆಯವನ ದುಃಖವನ್ನು ಅರಿಯದಿದ್ದರೆ, ಲೆಕ್ಕ ಬಲ್ಲವನು ತನ್ನ ಪಾಲನ್ನು ಮಾತ್ರ ಎಣಿಸಿಕೊಂಡರೆ, ಆ ವಿದ್ಯೆಯಿಂದ ಊರಿಗೆ ಏನು ಪ್ರಯೋಜನ? ಹಾಗಾದರೆ ಕರುಣೆಯನ್ನೂ ಕಲಿಸಬಹುದೋ ಎಂಬದನ್ನು ಸ್ವಲ್ಪ ಆಲೋಚಿಸೋಣ.

ಸ್ವಿಟ್ಜರ್ಲೆಂಡ್ ದೇಶದ ಸ್ಟಾನ್ಸ್ ಎಂಬ ಊರಿನ ಸಂಗತಿಯನ್ನು ಕೇಳಿರಿ. 1798ನೇ ಇಸವಿಯ ಸೆಪ್ಟೆಂಬರ್ ತಿಂಗಳಲ್ಲಿ ಫ್ರೆಂಚರ ದಂಡು ಆ ಸೀಮೆಯ ಮೇಲೆ ಬಿದ್ದು, ಮನೆಗಳನ್ನು ಸುಟ್ಟು, ಅನೇಕರನ್ನು ಕೊಂದದರಿಂದ ಬಹು ಮಂದಿ ಮಕ್ಕಳು ದಿಕ್ಕಿಲ್ಲದವರಾದರು. ಪೆಸ್ಟಲೊಜ್ಜಿ ಎಂಬವರು ಅಲ್ಲಿಗೆ ಹೋಗಿ ಅವರಿಗಾಗಿ ಅನಾಥಶಾಲೆಯನ್ನು ನಡಿಸಿದರು. ಬಂದವರಲ್ಲಿ ಕೆಲವರ ಮೈಯೆಲ್ಲಾ ಕಜ್ಜಿ; ಕೆಲವರು ಯಾರನ್ನೂ ನಂಬದೆ ಹೆದರುತ್ತಿದ್ದರು. ಪೆಸ್ಟಲೊಜ್ಜಿಯವರು ನೀತಿಬೋಧೆಯಿಂದ ಆರಂಭಿಸಲಿಲ್ಲ. ಅವರ ಸಂಗಡಲೇ ಉಂಡು, ಅವರ ನಡುವೆಯೇ ಮಲಗಿ, ರೋಗಿಗಳನ್ನು ತಾವೇ ಉಪಚರಿಸಿದರು. ಮೊದಲು ಹೃದಯದಲ್ಲಿ ಭಾವನೆಯು ಹುಟ್ಟಬೇಕು, ಆಮೇಲೆ ಕೈಗೆ ಅಭ್ಯಾಸವಾಗಬೇಕು, ಮಾತಿನ ಉಪದೇಶವು ಕಡೆಗೆ ಬರಬೇಕೆಂಬದೇ ಅವರ ಕ್ರಮ.

1799ನೇ ಇಸವಿಯ ಏಪ್ರಿಲ್ ತಿಂಗಳಲ್ಲಿ ಆಲ್ಟ್‌ಡಾರ್ಫ್ ಎಂಬ ಊರು ಬೆಂಕಿಯಿಂದ ಸುಟ್ಟುಹೋಯಿತು. ಆಗ ಅವರು ಮಕ್ಕಳನ್ನು ಕೂಡಿಸಿ, ಆ ಊರಿನ 20 ಮಂದಿ ಮಕ್ಕಳನ್ನು ನಮ್ಮಲ್ಲಿಗೆ ಕರೆಯೋಣವೋ ಎಂದು ಕೇಳಿದರು. ಎಲ್ಲರೂ ಒಪ್ಪಿದರು. ಆದರೆ ಅವರು ಅಷ್ಟಕ್ಕೆ ಬಿಡದೆ, ಹಣವು ಸಾಲದು, ನಿಮ್ಮ ಅನ್ನವು ಕಡಿಮೆಯಾದೀತು, ಕೆಲಸವು ಹೆಚ್ಚೀತು, ಬಟ್ಟೆಯನ್ನೂ ಹಂಚಿಕೊಳ್ಳಬೇಕಾದೀತು ಎಂದು ತಿಳಿಸಿ, ತಿರಿಗಿ ಕೇಳಿದರು. ಆದರೂ ಮಕ್ಕಳು ಹಿಂಜರಿಯಲಿಲ್ಲ.

ಇದನ್ನು ಚೆನ್ನಾಗಿ ಗಮನಿಸಿರಿ. ಅಪ್ಪಣೆ ಮಾಡಿದ್ದರೆ ಮಕ್ಕಳು ವಿಧೇಯತೆಯನ್ನು ಕಲಿಯುತ್ತಿದ್ದರೇ ಹೊರತು ಕರುಣೆಯನ್ನಲ್ಲ. ನಷ್ಟವನ್ನು ಮರೆಮಾಡಿದ್ದರೆ ಅವರ ಒಪ್ಪಿಗೆಯು ಬಾಯಿಮಾತಾಗುತ್ತಿತ್ತು. ತಾವೇ ಸಂತೈಸಲ್ಪಟ್ಟವರಾದದರಿಂದ ಪರರನ್ನು ಸಂತೈಸುವದಕ್ಕೆ ಅವರಿಗೆ ಮನಸ್ಸು ಬಂತು.

ಬೆತ್ತವಿಲ್ಲದೆ ಮಕ್ಕಳು ಒಳ್ಳೆಯವರಾಗುವರೋ ಎಂದು ಕೆಲವರು ಕೇಳಬಹುದು. ತಾನು ಕೆಲವು ಸಾರಿ ಹೊಡೆದದ್ದುಂಟೆಂದು ಪೆಸ್ಟಲೊಜ್ಜಿಯವರೂ ಬರೆದಿದ್ದಾರೆ. ಇದರಲ್ಲಿ ನಾವು ಅವರನ್ನು ಅನುಸರಿಸಬೇಕಾದದ್ದಿಲ್ಲ. ನಮ್ಮ ದೇಶದ 2009ನೇ ಇಸವಿಯ ಶಿಕ್ಷಣ ಹಕ್ಕಿನ ಕಾಯಿದೆಯ 17ನೇ ಕಲಮು ಶಾಲೆಯಲ್ಲಿ ದೇಹದಂಡನೆಯನ್ನೂ ಮನಸ್ಸನ್ನು ನೋಯಿಸುವ ಹಿಂಸೆಯನ್ನೂ ನಿಷೇಧಿಸುತ್ತದೆ. ಬೆತ್ತವು ಕೈಯನ್ನು ತಡೆದೀತು, ಹೃದಯವನ್ನು ತೆರೆಯಲಾರದು.

ಆ ಅನಾಥಶಾಲೆಯು 1799ರ ಜೂನ್ ತಿಂಗಳಲ್ಲೇ ಮುಚ್ಚಿಹೋಯಿತು. ಅದು ಕಲಿಸಿದ ಪಾಠವಾದರೋ ಮುಚ್ಚಿಹೋಗಲಿಲ್ಲ. ತಂದೆತಾಯಿಗಳೇ, ಸಂಜೆ ಮಗುವು ಮನೆಗೆ ಬಂದಾಗ ಎಷ್ಟು ಅಂಕ ಬಂತೆಂದು ಮಾತ್ರ ಕೇಳಬೇಡಿರಿ. ನಿನ್ನ ಪಕ್ಕದಲ್ಲಿ ಕೂತವನು ಈ ಹೊತ್ತು ಉಂಡನೋ, ಅತ್ತನೋ ಎಂದೂ ಕೇಳಿರಿ. ಮಗುವು ತನ್ನ ಪಾಲಿನಲ್ಲಿ ಅರ್ಧವನ್ನು ಕೊಟ್ಟು ಬಂದಿದ್ದರೆ ಗದರಿಸಬೇಡಿರಿ.