ಅಲ್ಪ ಪಣವೂ ಅಣುವ್ರತವೂ

ಶ್ರಾವಕನು ವ್ರತಗಳನ್ನು ಧರಿಸುವುದಕ್ಕೆ ಮೊದಲೇ ತ್ಯಜಿಸಬೇಕಾದ ಸಪ್ತವ್ಯಸನಗಳಲ್ಲಿ ದ್ಯೂತಕ್ಕೆ ಪ್ರಥಮ ಸ್ಥಾನವಿದೆ. ಉಳಿದ ವ್ಯಸನಗಳಿಗೆ ಜೂಜು ಬಾಗಿಲಾಗುವುದರಿಂದ ಈ ಕ್ರಮ ಉಚಿತವೇ ಆಗಿದೆ. ದ್ಯೂತದಿಂದ ಕೆಟ್ಟವರಿಗೆ ದೃಷ್ಟಾಂತವಾಗಿ ಆಚಾರ್ಯರು ಯುಧಿಷ್ಠಿರನನ್ನು ಹೆಸರಿಸಿದ್ದಾರೆ. ಆದರೆ ಅವನು ಪಣವಾಗಿಟ್ಟುದು ರಾಜ್ಯವನ್ನು. ಹತ್ತು ರೂಪಾಯಿಯನ್ನು ಇಡುವವನಿಗೂ ಆ ದೃಷ್ಟಾಂತ ಸಲ್ಲುವುದೇ? ಅಲ್ಪ ಪಣಕ್ಕೆ ಅಲ್ಪ ದೋಷವೆಂದು ಮನ್ನಿಸಬಹುದೇ? ಈ ಪ್ರಶ್ನೆ ಇಂದು ಅನೇಕ ಮನೆಗಳ ಬಾಗಿಲಿಗೆ ಬಂದು ನಿಂತಿದೆ.

ಇಂದಿನ ಜೂಜುಕಟ್ಟೆಗೆ ಗೋಡೆಗಳಿಲ್ಲ. ಲಾಟ್ವಿಯಾ ದೇಶದ ರೀಗಾದಂತಹ ದೂರದ ನಗರದಲ್ಲಿ ಕ್ಯಾಮೆರಾದ ಮುಂದೆ ಒಬ್ಬರು ಚಕ್ರವನ್ನು ತಿರುಗಿಸುತ್ತಾರೆ. ಅದರ ಚಿತ್ರವು ತುಮಕೂರಿನ ಬಾಡಿಗೆ ಕೋಣೆಯಲ್ಲಿರುವ ವಿದ್ಯಾರ್ಥಿಯ ಅಂಗೈಯಲ್ಲಿಯೂ, ಗುಬ್ಬಿಯ ಅಂಗಡಿಯ ಗುಮಾಸ್ತನ ಅಂಗೈಯಲ್ಲಿಯೂ ಅದೇ ಕ್ಷಣದಲ್ಲಿ ಮೂಡಬಲ್ಲುದು. ಇದಕ್ಕೆ ಲೈವ್ ಕ್ಯಾಸಿನೊ ಎಂದು ಹೆಸರು. 2016ರಲ್ಲಿ ಆರಂಭವಾದ ಯುಪಿಐ ವ್ಯವಸ್ಥೆಯಿಂದ ಹಾಲು ತರಕಾರಿಗಳಿಗೆ ಹಣ ಸಲ್ಲಿಸುವುದು ಸುಲಭವಾಯಿತು. ಅದೇ ಸೌಲಭ್ಯವನ್ನು ಜೂಜೂ ಬಳಸಿಕೊಂಡಿತು.

ಈ ಆಟದ ಲೆಕ್ಕವನ್ನು ತಿಳಿಯುವುದು ಅಗತ್ಯ. ಒಂದೇ ಸೊನ್ನೆಯುಳ್ಳ ರೂಲೆಟ್ ಚಕ್ರದಲ್ಲಿ 37 ಮನೆಗಳಿರುತ್ತವೆ. ಹಿಡಿದ ಅಂಕಿ ಬಂದರೆ ದೊರೆಯುವ ಲಾಭ ಪಣದ 35 ಪಾಲು. ಆದುದರಿಂದ ಪಣವಾಗಿಟ್ಟ ಪ್ರತಿ 37 ರೂಪಾಯಿಗೆ ಸರಾಸರಿ ಒಂದು ರೂಪಾಯಿ ಆಡಿಸುವವನಲ್ಲಿಯೇ ಉಳಿಯುತ್ತದೆ. ಹತ್ತು ರೂಪಾಯಿಯಂತೆ ಗಂಟೆಗೆ ನಲವತ್ತು ಸಲ ಆಡಿದವನು 400 ರೂಪಾಯಿ ಪಣವಿಟ್ಟು ಸರಾಸರಿ ಹನ್ನೊಂದು ರೂಪಾಯಿ ಕಳೆದುಕೊಳ್ಳುತ್ತಾನೆ. ಇದನ್ನು ಕೇಳಿ, ಇಷ್ಟೇ ತಾನೆ ಎನ್ನುವವರುಂಟು. ಕುಣಿಗಲಿನ ದೊಡ್ಡ ಕೆರೆಯ ಏರಿಯಲ್ಲಿ ನೀರು ಜಿನುಗತೊಡಗಿದರೆ, ಇಷ್ಟೇ ತಾನೆ ಎಂದು ಯಾವ ರೈತನೂ ಸುಮ್ಮನಿರುವುದಿಲ್ಲ. ಅಲ್ಲದೆ ಸರಾಸರಿಯೆಂಬುದು ಎಲ್ಲರ ಲೆಕ್ಕ; ಸೋತುದನ್ನು ಮರಳಿ ಪಡೆಯಲು ಪಣವನ್ನು ಇಮ್ಮಡಿಸುವವನ ಲೆಕ್ಕ ಬೇರೆ.

ಇಲ್ಲಿ ಒಂದು ಆಕ್ಷೇಪವನ್ನು ಪರಿಶೀಲಿಸಬೇಕು. ಅಣುವ್ರತವೆಂದರೆ ಸಣ್ಣ ವ್ರತ. ಗೃಹಸ್ಥನಿಗೆ ಅದು ಅಲ್ಪ ದೋಷವನ್ನು ಮನ್ನಿಸುತ್ತದೆಯಲ್ಲವೇ? ಮನ್ನಿಸುವುದು ನಿಜ, ಆದರೆ ಏತಕ್ಕಾಗಿ ಎಂಬುದನ್ನು ನೋಡಬೇಕು. ಅಡಿಗೆಯಲ್ಲಿ, ಬೇಸಾಯದಲ್ಲಿ, ವ್ಯಾಪಾರದಲ್ಲಿ ಆಗುವ ಹಿಂಸೆಯನ್ನು ಶ್ರಾವಕನು ಪೂರ್ಣವಾಗಿ ಬಿಡಲಾರನು, ಏಕೆಂದರೆ ಜೀವನಯಾತ್ರೆ ಅದನ್ನು ಅವಲಂಬಿಸಿದೆ. ಸಂಕಲ್ಪಪೂರ್ವಕವಾದ ಹಿಂಸೆಗೆ ಮಾತ್ರ, ಅದು ಎಷ್ಟೇ ಅಲ್ಪವಾಗಿರಲಿ, ಅನುಮತಿಯಿಲ್ಲ. ಎಂದರೆ ಅಣುವ್ರತದಲ್ಲಿ ರಿಯಾಯಿತಿ ದೊರೆಯುವುದು ಅನಿವಾರ್ಯತೆಗೆ, ಅಲ್ಪತೆಗಲ್ಲ. ಜೂಜಿನಲ್ಲಿ ಯಾವ ಅನಿವಾರ್ಯತೆಯಿದೆ? ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ದ್ಯೂತವನ್ನು ಅನರ್ಥದಂಡದ ಪ್ರಸಂಗದಲ್ಲಿಯೇ ಹೇಳಿ, ಅದನ್ನು ದೂರದಿಂದಲೇ ಬಿಡಬೇಕೆಂದಿರುವುದು ಅರ್ಥಪೂರ್ಣವಾಗಿದೆ. ಪ್ರಯೋಜನವಿಲ್ಲದೆ ಕಟ್ಟಿಕೊಳ್ಳುವ ಪಾಪವೇ ಅನರ್ಥದಂಡ.

ಅಡಿಕೆ ಕೊಬ್ಬರಿಗಳ ವರ್ತಕನೂ ಬೆಲೆ ಏರಲೆಂದು ಕಾಯುವುದಿಲ್ಲವೇ, ಕುಣಿಗಲಿನ ಫಾರಮಿನಲ್ಲಿ ಬೆಳೆದ ಕುದುರೆಗಳ ಮೇಲೆ ಪಂಥ ಕಟ್ಟಲು ಕಾನೂನೇ ಒಪ್ಪಿಲ್ಲವೇ ಎಂದು ಕೇಳಬಹುದು. ವರ್ತಕನಿಗೆ ಲಾಭವಾದಾಗ ಬೆಳೆದವನಿಗೂ ಬೆಲೆ ಸಿಕ್ಕಿರುತ್ತದೆ, ಕೊಂಡವನಿಗೂ ವಸ್ತು ತಲುಪಿರುತ್ತದೆ. ಪಂಥದಲ್ಲಿ ಒಬ್ಬನ ಗೆಲುವು ಮತ್ತೊಬ್ಬನ ಸೋಲೇ ಹೊರತು ಬೇರೇನೂ ಅಲ್ಲ. ಪರರ ಜಯಾಪಜಯಗಳನ್ನು ಚಿಂತಿಸುತ್ತ ಕೂಡುವುದು ಅಪಧ್ಯಾನವೆನಿಸುತ್ತದೆ. ವ್ಯಾಪಾರವೂ ಬರಿಯ ಪಂಥವಾದಲ್ಲಿ ಈ ಮಾತು ವರ್ತಕನಿಗೂ ಸಲ್ಲುತ್ತದೆ. ಕಾನೂನಿನ ಒಪ್ಪಿಗೆ ಮಾತ್ರದಿಂದ ದೋಷವು ಗುಣವಾಗದು.

ಇನ್ನು ಗುರುತಿನ ಪರೀಕ್ಷೆಯ ವಿಷಯ. ಇಂತಹ ಆಟದವರು ಆಧಾರ್, ಪ್ಯಾನ್, ವಿಳಾಸದ ದಾಖಲೆ, ಮುಖದ ಚಿತ್ರ ಇವುಗಳನ್ನು ಕೇಳುತ್ತಾರೆ. ಹಣ ಕಟ್ಟುವಾಗ ಇದ್ದ ಸರಾಗವು ಗೆದ್ದ ಹಣವನ್ನು ಹಿಂದಕ್ಕೆ ಪಡೆಯುವಾಗ ಅನೇಕ ವೇಳೆ ಇರುವುದಿಲ್ಲ. ಪರೀಕ್ಷೆಯ ನೆನಪಾಗುವುದು ಆಗಲೇ. ವಯಸ್ಸು ಸಾಲದ ತರುಣನೊಬ್ಬನು ತಂದೆಯ ದಾಖಲೆಗಳನ್ನು ಕೊಟ್ಟು, ತಂದೆಯ ಖಾತೆಯಿಂದ ಹಣ ಕಟ್ಟಿದನೆಂದು ಭಾವಿಸೋಣ. ಪಣ ಹತ್ತೇ ರೂಪಾಯಿಯಾಗಿರಬಹುದು. ಆದರೆ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆಯನ್ನು, ಎಂದರೆ ಸುಳ್ಳು ಬರಹವನ್ನು, ಎಣಿಸಿದೆ. ಅಚೌರ್ಯದ ಅತಿಚಾರಗಳಲ್ಲಿ ಕದ್ದ ವಸ್ತುವಿನ ಸ್ವೀಕಾರವೂ, ರಾಜ್ಯನ್ಯಾಯಕ್ಕೆ ವಿರುದ್ಧವಾದ ನಡತೆಯೂ ಸೇರಿವೆ. ಪರದೇಶದ ಜೂಜುಕಟ್ಟೆಗಳ ಹಣವು ಯಾರದೋ ಬಾಡಿಗೆಯ ಬ್ಯಾಂಕ್ ಖಾತೆಗಳ ಮೂಲಕ ಹರಿಯುವುದುಂಟು; ಗೆದ್ದವನ ಕೈಗೆ ಬಂದ ಹಣ ಯಾರಿಂದ ಅಪಹೃತವಾದುದೆಂಬುದನ್ನು ಅವನೇ ಅರಿಯನು. ಹೀಗೆ ಒಂದು ಅಲ್ಪ ಪಣವು ಮೂರು ಅತಿಚಾರಗಳನ್ನು ಕರೆತರಬಲ್ಲುದು.

ರಾಜ್ಯದ ಕಾನೂನು ಈ ವಿಷಯದಲ್ಲಿ ಬಹಳ ತೊಳಲಿದೆ. 2021ರಲ್ಲಿ ಕರ್ನಾಟಕವು ಪೊಲೀಸ್ ಕಾಯಿದೆಯನ್ನು ತಿದ್ದಿ ಆನ್‌ಲೈನ್ ಪಣದಾಟವನ್ನು ನಿಷೇಧಿಸಿತು. 2022ರ ಫೆಬ್ರುವರಿಯಲ್ಲಿ ಉಚ್ಚ ನ್ಯಾಯಾಲಯವು ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದುಪಡಿಸಿತು. 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಕೇಂದ್ರದ ಕಾಯಿದೆಯು, ಕೌಶಲವೋ ಅದೃಷ್ಟವೋ ಎಂಬ ಭೇದವೆಣಿಸದೆ, ಹಣದ ಆನ್‌ಲೈನ್ ಆಟಗಳನ್ನು ನಿಷೇಧಿಸುತ್ತದೆ. ಬ್ಯಾಂಕುಗಳು ಅವುಗಳ ಹಣ ಸಾಗಿಸಕೂಡದೆನ್ನುತ್ತದೆ. ಆಡಿಸುವವನಿಗೆ ಮೂರು ವರ್ಷಗಳವರೆಗೆ ಸೆರೆ, ಒಂದು ಕೋಟಿ ರೂಪಾಯಿಯವರೆಗೆ ದಂಡ ವಿಧಿಸಬಹುದು. ಆಡುವವನಿಗೆ ಶಿಕ್ಷೆಯಿಲ್ಲ; ಅವನನ್ನು ನೊಂದವನೆಂದು ಭಾವಿಸಲಾಗಿದೆ. ಇದು ಕರುಣೆಯ ಮಾತೇ. ಆದರೆ ಕಾನೂನು ಕ್ಷಮಿಸಿದೆಯೆಂದು ವ್ರತವು ಭಂಗವಾಗದೆ ಉಳಿಯದು. ಕಾನೂನು ಕೃತಿಯನ್ನು ನೋಡುತ್ತದೆ. ವ್ರತವು ಭಾವವನ್ನೂ ನೋಡುತ್ತದೆ.

ಆ ಕರುಣೆಯನ್ನು ಮನೆಯವರೂ ಕಲಿಯಬೇಕಾಗಿದೆ. ಸೋತ ಮಗನು ಮಾತನ್ನು ಮುಚ್ಚಿಡುವುದು ಭಯದಿಂದ. ಮುಚ್ಚಿಟ್ಟುದರಿಂದಲೇ ಹತ್ತು ಸಾವಿರವಾಗುತ್ತದೆ. ತಪ್ಪನ್ನು ಗುರುಗಳ ಮುಂದೆ ಇದ್ದಂತೆ ಹೇಳಿಕೊಳ್ಳುವ ಆಲೋಚನೆಯ ವಿಧಿ ನಮ್ಮ ಪರಂಪರೆಯಲ್ಲಿದೆ; ಅದಕ್ಕೆ ಮನೆಯ ಪಡಸಾಲೆಯಲ್ಲಿಯೂ ಸ್ಥಳವಿರಲಿ. ಅಷ್ಟಮಿ ಚತುರ್ದಶಿಗಳಂದು ಮಂದರಗಿರಿಯನ್ನೇರುವವರೂ, ನಿಟ್ಟೂರಿನ ಶಾಂತಿನಾಥನ ಸನ್ನಿಧಿಯಲ್ಲಿ ಕುಳಿತುಕೊಳ್ಳುವವರೂ ಅಂದು ಅನ್ನದ ಜೊತೆಗೆ ಮೊಬೈಲನ್ನೂ ಬಿಟ್ಟರೆ ಪ್ರೋಷಧೋಪವಾಸವು ಸಾರ್ಥಕವಾದೀತು. ಹೊಟ್ಟೆ ಬರಿದಾಗಿದ್ದು ಮನಸ್ಸು ಚಕ್ರದ ಸುತ್ತ ತಿರುಗುತ್ತಿದ್ದರೆ ಅದು ಲಂಘನವಾದೀತೇ ಹೊರತು ಉಪವಾಸವಾಗದು.

ನೀನು ಯಾರೆಂದು ಆಟದ ಯಂತ್ರವು ಕೇಳುತ್ತದೆ. ಒಂದು ಕಾಗದವನ್ನು ತೋರಿಸಿದರೆ ತೃಪ್ತವಾಗುತ್ತದೆ. ಸಂಜೆಯ ಪ್ರತಿಕ್ರಮಣದಲ್ಲಿ ಅದೇ ಪ್ರಶ್ನೆಯನ್ನು ಆತ್ಮವು ಕೇಳಿದಾಗ ತಂದೆಯ ಕಾಗದ ಸಲ್ಲುವುದಿಲ್ಲ. ಅಂದು ಮಾಡಿದುದನ್ನೇ ಹೇಳಬೇಕಾಗುತ್ತದೆ.