ಸೋರಿದ್ದು ಎಲ್ಲಿಂದ?

ಎಲ್ಲೋ ಒಂದು ತಪ್ಪಾಯಿತು. ಮೊದಲು ಕೇಳಬೇಕಾದ್ದು ಏನು? 'ಯಾರು ಮಾಡಿದ್ದು' ಅಂತಲೋ, 'ಯಾಕೆ ಆಯಿತು' ಅಂತಲೋ? ದೊಡ್ಡ ದೊಡ್ಡ ಗ್ರಂಥ ತಿರುವಿಹಾಕಬೇಕಾಗಿಲ್ಲ ಗೆಳೆಯರೆ. ಕಾರಿನ ಕೆಳಗೆ ಬಿದ್ದ ಒಂದು ಹನಿ ಎಂಜಿನ್ ಆಯಿಲ್ ಸಾಕು ಈ ಪ್ರಶ್ನೆ ಎತ್ತೋದಕ್ಕೆ.

ಹಳೆಯ ಮಾರುತಿ 800 ಒಂದನ್ನು ತಗೊಳ್ಳಿ. 1983ರಲ್ಲಿ ರಸ್ತೆಗೆ ಬಂದು 2014ರಲ್ಲಿ ತಯಾರಿಕೆ ನಿಂತ ಈ ಪುಟ್ಟ ಕಾರು ಕೈಯಿಂದ ಕೈಗೆ ದಾಟುತ್ತಾ ಹಳ್ಳಿ ಮೇಷ್ಟ್ರ ಮನೆ ಬಾಗಿಲಿಗೂ ಬಂತು. ಗ್ಯಾರೇಜಿನ ಕೂಲಿ ಉಳಿಸೋಣ ಅಂತ ಅಂಥ ಒಬ್ಬ ಮೇಷ್ಟ್ರು ತಾವೇ ಆಯಿಲ್ ಬದಲಿಸಿದರು ಎಂದಿಟ್ಟುಕೊಳ್ಳಿ. ಚೇಂಬರಿನ ಅಡಿಯ ಬೋಲ್ಟು ಬಿಚ್ಚಿ ಹಳೇದನ್ನು ಇಳಿಸಿದರು. ಹೊಸ ಫಿಲ್ಟರು ಕೂರಿಸಿದರು. ಹೊಸ ಆಯಿಲ್ ಸುರಿದರು. ಬೆಳಿಗ್ಗೆ ಎದ್ದು ನೋಡಿದರೆ ನೆಲದ ಮೇಲೆ ಅಂಗೈಯಗಲ ಎಣ್ಣೆ ಕಲೆ.

ಈಗ ಕೈ ಎಲ್ಲಿಗೆ ಹೋಗುತ್ತದೆ? ನೆಟ್ಟಗೆ ಅಡಿಯ ಬೋಲ್ಟಿಗೆ. ಹನಿ ಅಲ್ಲೇ ತೂಗುತ್ತಿದೆಯಲ್ಲ! ಸ್ಪ್ಯಾನರ್ ಹಾಕಿ ಇನ್ನೊಂದು ಸುತ್ತು, ಮತ್ತೊಂದು ಸುತ್ತು. ಅಲ್ಯೂಮಿನಿಯಂ ಚೇಂಬರಾದರೆ ಥ್ರೆಡ್ಡೇ ಕಿತ್ತು ಬರುತ್ತದೆ. ಒಂದು ವಾಷರಿನಲ್ಲಿ ಮುಗಿಯಬಹುದಾಗಿದ್ದ ಕೆಲಸ ಚೇಂಬರನ್ನೇ ಬಿಚ್ಚುವಲ್ಲಿಗೆ ಹೋಗಿ ನಿಲ್ಲುತ್ತದೆ.

ಎಣ್ಣೆಯ ಗುಣವೇ ಇಳಿಯೋದು. ಮೇಲೆಲ್ಲೋ ಹುಟ್ಟಿ, ಸಂದಿಗೊಂದಿಯಲ್ಲಿ ಹರಿದು, ಓಡುವಾಗ ಗಾಳಿಗೆ ಹಿಂದಕ್ಕೆ ಸರಿದು, ಎಲ್ಲರಿಗಿಂತ ಕೆಳಗಿರುವವನ ಮೂತಿಯಲ್ಲಿ ಹನಿಯಾಗಿ ನಿಲ್ಲುತ್ತದೆ. ಮೇಲಿನ ಟ್ಯಾಪೆಟ್ ಕವರಿನ ಪ್ಯಾಕಿಂಗು ವರ್ಷಗಟ್ಟಲೆ ಕಾವು ತಿಂದು ಬಿರುಕು ಬಿಟ್ಟಿರಬಹುದು. ಹಳೆಯ ಫಿಲ್ಟರಿನ ರಬ್ಬರ್ ರಿಂಗು ಎಂಜಿನ್ನಿಗೇ ಅಂಟಿ ಉಳಿದು, ಹೊಸ ರಿಂಗು ಅದರ ಮೇಲೆ ಕೂತಿರಬಹುದು. ಹಾಗೆ ಕೂತ ಜೋಡಿ ರಿಂಗು ಒತ್ತಡ ಏರಿದಾಗ ಜಾರಿದರೆ ಎಂಜಿನ್ನಿನ ಆಯಿಲ್ಲೇ ನಿಮಿಷಗಳಲ್ಲಿ ಬರಿದು. ಒಂದು ಸಲ ಹಿಸುಕಿ ಚಪ್ಪಟೆಯಾದ ವಾಷರನ್ನೇ ಮತ್ತೆ ಹಾಕಿರಬಹುದು. ಇಷ್ಟೆಲ್ಲ ಬೇಡ, ಅದು ಸೋರಿಕೆಯೇ ಆಗಿರದೆ, ಫಿಲ್ಟರು ಬಿಚ್ಚುವಾಗ ಚೆಲ್ಲಿ ಸಂದಿಯಲ್ಲಿ ನಿಂತ ಎಣ್ಣೆ ಈಗ ತೊಟ್ಟಿಕ್ಕುತ್ತಿರಲೂಬಹುದು. ಆದರೆ ಬಿಗಿತ ತಿಂದದ್ದು ಮಾತ್ರ ಅಡಿಯ ಬೋಲ್ಟು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನೋದು ಇದಕ್ಕೇ.

ಇದೇ ಹನಿ ಗ್ಯಾರೇಜಿನ ಕೆಲಸದ ಮಾರನೇ ದಿನ ಬಿದ್ದಿದ್ದರೆ? ಕಾರಿನ ಯಜಮಾನ ಗ್ಯಾರೇಜಿನ ಮಾಲೀಕನನ್ನು ಬೈಯುತ್ತಾನೆ, ಮಾಲೀಕ ಮೇಸ್ತ್ರಿಯನ್ನು, ಮೇಸ್ತ್ರಿ ಸ್ಪ್ಯಾನರ್ ಎತ್ತಿಕೊಡುವ ಹುಡುಗನನ್ನು. ಬೈಗುಳಕ್ಕೂ ಎಣ್ಣೆಯದೇ ಗುಣ. ಹುಡುಗನಿಗಿಂತ ಕೆಳಗೆ ಯಾರೂ ಇಲ್ಲ, ಆದ್ದರಿಂದ ಅದು ಅವನ ಕೆನ್ನೆ ಮೇಲೆ ನಿಲ್ಲುತ್ತದೆ. ಹಳೇ ವಾಷರನ್ನೇ ಹಾಕು ಅಂದವರು ಯಾರು, ಒಂದು ಗಂಟೆಗೆ ನಾಲ್ಕು ಗಾಡಿ ಮುಗಿಸು ಅಂದವರು ಯಾರು, ಅವನಿಗೆ ಕೆಲಸ ಕಲಿಸದೆ ಬಿಟ್ಟವರು ಯಾರು—ಇದನ್ನು ಯಾರೂ ಕೇಳಲ್ಲ.

ಜಪಾನಿನ ಟೊಯೊಟಾ ಕಾರ್ಖಾನೆಯ ತೈಚಿ ಓನೋ 1978ರ ತಮ್ಮ ಪುಸ್ತಕದಲ್ಲಿ ಒಂದು ಉದಾಹರಣೆ ಕೊಡುತ್ತಾರೆ. ಮಷೀನು ನಿಂತಿತು, ಯಾಕೆ? ಭಾರ ಹೆಚ್ಚಾಗಿ ಫ್ಯೂಸು ಹೋಯಿತು. ಭಾರ ಹೆಚ್ಚಾದದ್ದು ಯಾಕೆ? ಬೇರಿಂಗಿಗೆ ಎಣ್ಣೆ ಸಾಲಲಿಲ್ಲ. ಯಾಕೆ? ಪಂಪು ಎತ್ತಲಿಲ್ಲ. ಯಾಕೆ? ಅದರ ದಂಡ ಸವೆದಿತ್ತು. ಯಾಕೆ? ಜಾಲರಿ ಇರಲಿಲ್ಲ, ಲೋಹದ ಚೂರು ಒಳಹೊಕ್ಕಿತು. ಮೊದಲ ಉತ್ತರಕ್ಕೇ ನಿಂತು ಹೊಸ ಫ್ಯೂಸು ಹಾಕಿದ್ದರೆ ಮಷೀನು ಮತ್ತೆ ನಿಲ್ಲುತ್ತಿತ್ತು.

ಕೆಲವರು ಕೇಳಬಹುದು: ಬರೀ 'ಯಾಕೆ' ಅಂತ ಕೂತರೆ ತಪ್ಪು ಮಾಡಿದವರು ಪಾರಾಗಲ್ಲವಾ? ನ್ಯಾಯವಾದ ಮಾತು. 'ಯಾರು' ಅನ್ನೋದನ್ನು ಕೇಳಲೇಬೇಕು, ಆದರೆ 'ಯಾಕೆ'ಯ ಮೆಟ್ಟಿಲು ಹತ್ತಿದ ಮೇಲೆ. ಜಾಲರಿ ಹಾಕದೆ ಮಷೀನು ನಡೆಸಲು ತೀರ್ಮಾನ ಮಾಡುವ ಅಧಿಕಾರ ಯಾರ ಕೈಲಿತ್ತು? ಹಾಗೆ ಕೇಳಿದಾಗ ಬೆರಳು ಮೇಲಕ್ಕೆ ಹೋಗುತ್ತದೆ. ಮೊದಲೇ 'ಯಾರು' ಅಂದರೆ ಕೈಗೆ ಎಟುಕುವವನೇ ಸಿಗುತ್ತಾನೆ.

ತನ್ನ ಕೆಲಸ ತಾನೇ ಮಾಡಿಕೊಳ್ಳುವವನಿಗೆ ಸಿಗುವ ಲಾಭ ಇದು. ಮೇಷ್ಟ್ರ ಕೆಳಗೆ ಬೈಯಲು ಯಾರೂ ಇಲ್ಲ. ಹಂಗಾಗಿ ಅವರಿಗೆ ತಾಳ್ಮೆ ಬರುತ್ತದೆ. ಎಂಜಿನ್ ಆಫ್ ಮಾಡಿ, ಸಮತಟ್ಟು ನೆಲದಲ್ಲಿ ಕೆಲವು ನಿಮಿಷ ಬಿಟ್ಟು, ಡಿಪ್‌ಸ್ಟಿಕ್ಕಿನಲ್ಲಿ ಮಟ್ಟ ನೋಡುತ್ತಾರೆ. ಎಲ್ಲವನ್ನೂ ಒರೆಸಿ, ಅಡಿಗೆ ರಟ್ಟು ಹಾಸಿ, ಎಂಜಿನ್ ಚಾಲು ಮಾಡಿ, ಮೇಲಿನಿಂದ ಕೆಳಕ್ಕೆ ಕಣ್ಣು ಹಾಯಿಸುತ್ತಾರೆ. ಆಯಿಲ್ ದೀಪ ಹತ್ತಿದರೆ ತಕ್ಷಣ ನಿಲ್ಲಿಸುತ್ತಾರೆ. ಬರೀ ಜಾಕನ್ನು ನಂಬಿ ಕಾರಿನಡಿ ತೂರುವುದಿಲ್ಲ. ಫಿಲ್ಟರು ಬಿಚ್ಚಿ ಹಳೇ ರಿಂಗು ಉಳಿದಿದೆಯಾ ಅಂತ ನೋಡಿ, ಹೊಸ ರಿಂಗಿಗೆ ಆಯಿಲ್ ಸವರಿ, ರಿಂಗು ತಾಕಿದ ಮೇಲೆ ಕೈಯಲ್ಲೇ ಮುಕ್ಕಾಲು ಸುತ್ತು ಬಿಗಿಯುತ್ತಾರೆ. ಬೋಲ್ಟಿಗೆ ಹೊಸ ವಾಷರು.

ಅಡ್ಡದಾರಿಗಳೂ ಇವೆ. ಎಂಸೀಲ್ ಮೆತ್ತಿ, ಫಳಫಳ ಒರೆಸಿ, ಇನ್ನೊಬ್ಬ ಬಡವನಿಗೆ ಕಾರು ಮಾರಬಹುದು. ಇಳಿಸಿದ ಹಳೇ ಆಯಿಲನ್ನು ಮೋರಿಗೆ ಚೆಲ್ಲಬಹುದು. 2016ರ ನಿಯಮಗಳು ಬಳಸಿದ ಆಯಿಲನ್ನು ಅಪಾಯಕಾರಿ ತ್ಯಾಜ್ಯ ಅಂತ ಹೇಳಿದರೂ, ಮೋರಿ ಹರಿಯೋದು ತಗ್ಗಿನವರ ಕೇರಿಗೆ, ಕೆರೆಗೆ. ಇವೂ ಸೋರಿಕೆಗಳೇ, ನಮ್ಮ ಅಂಗಳದಿಂದ ಇನ್ನೊಬ್ಬರ ಬದುಕಿಗೆ.

ತನ್ನ ಕೈಯ ಕೆಲಸ ಕೆಟ್ಟಾಗ ಯಾರಿಗಾದರೂ ಕಾರಣಗಳು ಹೊಳೆಯುತ್ತವೆ: ಬೆಳಕಿರಲಿಲ್ಲ, ಸರಿಯಾದ ಸ್ಪ್ಯಾನರ್ ಇರಲಿಲ್ಲ, ಕಲಿಸಿದವರಿರಲಿಲ್ಲ. ಎಲ್ಲವೂ ನಿಜ. ಇವೇ ನಿಜಗಳು ಗ್ಯಾರೇಜಿನ ಆ ಹುಡುಗನಿಗೂ ಇವೆ, ತರಗತಿಯಲ್ಲಿ ಲೆಕ್ಕ ತಪ್ಪಿದ ಮಗುವಿಗೂ ಇವೆ. ನಮ್ಮ ಕೈಗೆ ನಾವು ಕೊಟ್ಟುಕೊಳ್ಳುವ ಈ ತಾಳ್ಮೆಯನ್ನು ಅವರ ಕೈಗೂ ಕೊಡುತ್ತೇವಾ?