ನಿರ್ಜನವಾದ ತೀರ ಯಾರದು?

ನಮ್ಮ ಬಂಗಾರಪೇಟೆಯ ಸೀಮೆಯಲ್ಲಿ ಸಮುದ್ರವಿಲ್ಲ; ಕೆರೆಗಳೂ ಬೇಸಿಗೆಯಲ್ಲಿ ಬತ್ತುವವು. ಆದದರಿಂದ ಕಡಲನ್ನು ನೋಡಬೇಕೆಂಬ ಆಶೆ ನಮ್ಮವರಲ್ಲಿ ಬಹಳ. ರೈಲುಬಂಡಿ ಹತ್ತಿ ಚೆನ್ನೈಯ ಮರೀನಾಕ್ಕೆ ಹೋಗಿಬಂದವರು, ಅಲ್ಲಿ ಮರಳಿಗಿಂತ ಜನವೇ ಹೆಚ್ಚು, ಗದ್ದಲವಿಲ್ಲದ ತೀರ ಎಲ್ಲುಂಟು ಎಂದು ಕೇಳುತ್ತಾರೆ. ಪಡುವಣ ದಿಕ್ಕಿನಲ್ಲಿ ಉಂಟು. ಹೊನ್ನಾವರದ ಬಳಿ, ಶರಾವತಿಯು ಕಡಲನ್ನು ಸೇರುವ ಸ್ಥಳದ ತೆಂಕಣ ಮಗ್ಗುಲಲ್ಲಿ, ಕಾಸರಕೋಡು ಎಂಬ ತೀರವಿರುವದು. 2020ರಲ್ಲಿ ಪಡುಬಿದ್ರಿಯ ತೀರದೊಂದಿಗೆ ಇದಕ್ಕೂ ನೀಲಿ ಧ್ವಜವೆಂಬ ಅಂತರರಾಷ್ಟ್ರೀಯ ಗುರುತು ದೊರಕಿತು.

ಏಕಾಂತವನ್ನು ಬಯಸುವದು ತಪ್ಪಲ್ಲ. ಕರ್ತನು ತಾನೇ ಶಿಷ್ಯರನ್ನು ವಿಶ್ರಾಂತಿಗೋಸ್ಕರ ದೋಣಿಯಲ್ಲಿ ಅಡವಿಯ ಸ್ಥಳಕ್ಕೆ ಕರಕೊಂಡು ಹೋದನೆಂದು ಮಾರ್ಕನು ತಿಳಿಸುತ್ತಾನೆ. ಆದರೆ ದೋಣಿ ದಡ ಮುಟ್ಟುವದರೊಳಗೆ ಜನರು ಅಲ್ಲಿ ಕೂಡಿದ್ದರು. ಆತನು ಅವರನ್ನು ಗದರಿಸಲಿಲ್ಲ.

ನಮ್ಮನ್ನು ಕಾಡುವ ಪ್ರಶ್ನೆ ಬೇರೆ. ಒಂದು ತೀರವನ್ನು ನಿರ್ಜನವೆಂದು ಕರೆಯುವಾಗ ನಾವು ಯಾರನ್ನು ಲೆಕ್ಕಕ್ಕೆ ಹಿಡಿಯದೆ ಬಿಟ್ಟಿದ್ದೇವೆ? ಅಲ್ಲಿ ಮೀನುಗಾರರು ಬಲೆ ಸರಿಮಾಡುತ್ತಾರೆ, ಹೆಂಗಸರು ಮೀನು ಒಣಗಿಸುತ್ತಾರೆ. ಬಂದವನ ಕಣ್ಣಿಗೆ ಅದು ಬರಿಯ ಮರಳು; ಅವರಿಗೆ ಅದೇ ಕಣ. ಯಾರೋ ಒಬ್ಬನು ನಮ್ಮ ರಾಗಿಯ ಕಣದಲ್ಲಿ ಕಂಬಳಿ ಹಾಸಿ ಕೂತು, ಇಲ್ಲಿ ಯಾರೂ ಇಲ್ಲ, ಎಷ್ಟು ನೆಮ್ಮದಿ ಅಂದರೆ ನಮಗೆ ಹೇಗಾದೀತು? ಒಣಗಲಿಟ್ಟ ಮೀನಿನ ನಡುವೆ ದಾರಿ ಎಲ್ಲಿ, ತಾಯೀ, ಎಂದು ಕೇಳಿ ನಡೆಯುವದಕ್ಕೆ ಎಷ್ಟು ಹೊತ್ತು ಬೇಕು?

ಮೌನವೆಲ್ಲ ಒಂದೇ ತೆರನಾದದ್ದೂ ಅಲ್ಲ. ಕೋಲಾರ ಚಿನ್ನದ ಗಣಿಯ ಸೈನೈಡ್ ದಿಬ್ಬಗಳು ದೂರಕ್ಕೆ ಮರಳಿನ ದಂಡೆಯ ಹಾಗೆಯೇ ಕಾಣುವವು, ಅಲ್ಲಿಯೂ ಜನವಿಲ್ಲ. ಆದರೆ ಅದು 2001ನೇ ಇಸವಿ ಫೆಬ್ರವರಿ 28ರಲ್ಲಿ ಗಣಿ ಮುಚ್ಚಿ, ಸಾವಿರಾರು ಮನೆಗಳ ಸಂಬಳ ನಿಂತುಹೋದ ನಂತರದ ಮೌನ. ಅದನ್ನು ನೆಮ್ಮದಿ ಎಂದು ಹೊಗಳುವವರು ನಮ್ಮಲ್ಲಿ ಯಾರೂ ಇಲ್ಲ. ಮೀನುಗಾರನನ್ನು ಎಬ್ಬಿಸಿ ಕಳುಹಿಸಿ ಸಂಪಾದಿಸಿದ ಶಾಂತಿಯಾದರೆ ಅದಕ್ಕೆ ಇದು ಹತ್ತಿರದ ನೆಂಟನೇ ಸರಿ.

ಕಾಸರಕೋಡಿನ ಮರಳಿಗೆ ಮನುಷ್ಯರ ಹೊರತು ಇನ್ನೊಂದು ಹಕ್ಕುದಾರ ಜೀವವೂ ಉಂಟು. ಚಳಿಗಾಲದ ರಾತ್ರಿಗಳಲ್ಲಿ ಆಲಿವ್ ರಿಡ್ಲಿ ಆಮೆ ದಡವೇರಿ, ಗುಂಡಿ ತೋಡಿ, ಸುಮಾರು 100 ಮೊಟ್ಟೆಗಳನ್ನಿಟ್ಟು ಮುಚ್ಚಿ ಹಿಂದಿರುಗುವದು. ಹೆಚ್ಚುಕಡಿಮೆ 50 ದಿವಸಗಳಾದ ಮೇಲೆ ಮರಿಗಳು ಹೊರಟು, ಕಡಲಿನ ಮೇಲಣ ಮಂದ ಬೆಳಕನ್ನು ಗುರುತಿಟ್ಟು ನಡೆಯುವವು. ಕತ್ತಲೆಯೆಂದು ದೂರಿ ನಾವು ದಂಡೆಯಲ್ಲಿ ದೀಪ ಹೊತ್ತಿಸಿದರೆ ಅವು ಅದನ್ನೇ ಕಡಲೆಂದೆಣಿಸಿ ಊರಿನ ಕಡೆಗೆ ತಿರುಗಿ, ನಾಯಿಗೂ ಕಾಗೆಗೂ ತುತ್ತಾಗುವವು.